ಕೊಳಲು ಬರುವ ಜಾಗ

ವಾಸನೆಯನ್ನು ಸಾಕ್ಷಿಯೆಂದು ಒಪ್ಪಬಾರದು. ಚರ್ಚಾಸ್ಪರ್ಧೆಗೆ ನನ್ನನ್ನು ತಯಾರು ಮಾಡಿದವರು ಮೊದಮೊದಲು ಕಲಿಸಿದ ಪಾಠಗಳಲ್ಲಿ ಇದೂ ಒಂದು. ವಾಸನೆಗೆ ಮರುಪ್ರಶ್ನೆ ಹಾಕಲಾಗುವುದಿಲ್ಲ. ನಿಮ್ಮ ಮೂಗಿಗೆ ಅದು ಹೇಳಿದ್ದನ್ನೇ ತೀರ್ಪುಗಾರರ ಮೂಗಿಗೂ ಹೇಳುತ್ತದೆಂಬ ಖಾತ್ರಿಯಿಲ್ಲ. ಒಪ್ಪುತ್ತೇನೆ. ಆದರೂ ಕಳೆದ ಮಳೆಗಾಲ ಮುಂಬಯಿ ಪಕ್ಕದ ಮಾಜಿವಾಡಾದಲ್ಲಿ ಬಸ್ಸಿಗೆ ಕಾಯುತ್ತಿದ್ದವಳು, ಮಳೆ ಜೋರಾಯಿತೆಂದು ಅಲ್ಲಿನ ಹಳೆಯ ಉಡುಪಿ ಹೋಟೆಲಿಗೆ ನುಗ್ಗಿದಾಗ, ಕಾಲೊರೆಸಲು ಬಾಗಿಲಲ್ಲಿ ಹಾಸಿದ್ದ ಒದ್ದೆ ಗೋಣಿಯ ವಾಸನೆ ಮತ್ತು ಒಳಗಿನ ಸಾಂಬಾರಿನ ವಾಸನೆ ಒಟ್ಟಿಗೆ ಬಂದು ಹೊಡೆದವು. ಮರುಪ್ರಶ್ನೆ ಹಾಕದೆ ಒಂದು ಕುರ್ಚಿಯಲ್ಲಿ ಕುಳಿತುಬಿಟ್ಟೆ. ನನ್ನ ಅಜ್ಜ ಕೆಲಸ ಮುಗಿಸಿ ಮನೆಗೆ ಬರುವಾಗ ಅಂಗಿಯಲ್ಲಿ ತರುತ್ತಿದ್ದ ವಾಸನೆ ಅದು. ಅವರು ಅದೇ ಹೋಟೆಲಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಸಪ್ಲಾಯರ್ ಆಗಿದ್ದರು.

ಈಗ ಅಲ್ಲಿ ಯಾರೂ ಕೂಗುವುದಿಲ್ಲ. ವೇಟರ್ ಬಂದು ಕೈಯಲ್ಲಿದ್ದ ಟ್ಯಾಬ್ ಮೇಲೆ ಬೆರಳಾಡಿಸಿ ಹೋದ. ಒಳಗೆಲ್ಲೋ ಚೀಟಿ ಹೊರಬಂದಿರಬೇಕು. ಹೋಟೆಲು ಎಷ್ಟು ಸದ್ದಿಲ್ಲದೆ ಇತ್ತೆಂದರೆ ಹೊರಗಿನ ಮಳೆ ಕೇಳಿಸುತ್ತಿತ್ತು. ಅಜ್ಜನ ಕಾಲದಲ್ಲಿ ಅಲ್ಲಿ ಮಳೆ ಕೇಳಿಸುತ್ತಿರಲಿಲ್ಲ. ಆಗ ಸಪ್ಲಾಯರ್ ಎಂದರೆ ನೆನಪು ಮತ್ತು ಗಂಟಲು. ಐದಾರು ಟೇಬಲಿನವರು ಹೇಳಿದ್ದನ್ನು ತಲೆಯಲ್ಲಿಟ್ಟುಕೊಂಡು, ಅಂಗೈಯನ್ನು ಕೆನ್ನೆಯ ಪಕ್ಕಕ್ಕೆ ಗೋಡೆಯಂತೆ ಹಿಡಿದು, ಗ್ರೈಂಡರಿನ ಸದ್ದನ್ನೂ ಹೈವೇಯ ಲಾರಿಗಳನ್ನೂ ದಾಟಿಸಿ ಅಡುಗೆಮನೆಗೆ ಕೂಗಿ ಹೇಳಬೇಕು. ಅಜ್ಜನ ಕೂಗು ನಾಕೆಯ, ಅಂದರೆ ಹೈವೇ ಕೂಡುರಸ್ತೆಯ, ಆಚೆ ಬದಿಯ ರಿಕ್ಷಾ ಸ್ಟ್ಯಾಂಡಿಗೂ ಕೇಳುತ್ತಿತ್ತಂತೆ. 'ಅಂತೆ' ಎಂದು ಬರೆಯಬೇಕಾಗಿದೆ. ಆ ಕೂಗಿಗೆ ನನ್ನ ಬಳಿ ಪುರಾವೆಯಿಲ್ಲ. ಪುರಾವೆ ಒಂದು ಕಾಲದಲ್ಲಿ ಇತ್ತು. ಅದು ಹೇಗೆ ಇಲ್ಲದಾಯಿತು ಎನ್ನುವುದೇ ಇಲ್ಲಿ ಬರೆಯಹೊರಟಿರುವ ಮಳೆಗಾಲದ ಸಂಗತಿ.

ನಾನಾಗ ನೆರೂಳದ ಕಾಲೇಜಿನಲ್ಲಿ ಎರಡನೇ ವರ್ಷದ ಡಿಗ್ರಿ ಓದುತ್ತಿದ್ದೆ. ಕೋಪರಖೈರಣೆಯ ಒಂದು ಸಣ್ಣ ಕಟ್ಟಡದ ಎರಡನೇ ಮಾಳಿಗೆಯಲ್ಲಿ ನಮ್ಮ ಮನೆ: ಅಪ್ಪ, ಅಮ್ಮ, ಅಣ್ಣ, ನಾನು, ಮತ್ತು ಅಜ್ಜಿ ತೀರಿಕೊಂಡ ಮೇಲೆ ನಮ್ಮೊಡನೆ ಬಂದಿದ್ದ ಅಜ್ಜ. ಅವರು ಅಮ್ಮನ ತಂದೆ. ಹೆಸರು ಬಾಬು, ಹೋಟೆಲಿನಲ್ಲಿ ಬಾಬಣ್ಣ, ಕೆಳಗಿನ ಮನೆಯ ಮರಾಠಿ ಕಾಕುವಿಗೆ ಬಾಬಾ. ಆ ಬೇಸಿಗೆಯಲ್ಲಿ ಅವರ ದನಿ ಒಡೆಯಿತು. ಮಾವಿನಹಣ್ಣಿನ ಉಷ್ಣ ಎಂದು ಅಮ್ಮ ಕಷಾಯ ಮಾಡಿಕೊಟ್ಟಳು. ಕಷಾಯಕ್ಕೆ ಬಗ್ಗಲಿಲ್ಲ. ಜೂನ್ ತಿಂಗಳ ಮೊದಲ ಮಳೆಗೆ ನೆನೆಯುತ್ತ ಆಸ್ಪತ್ರೆಗೆ ಹೋಗಿ ಬಂದಾಗ ಗೊತ್ತಾಗಿತ್ತು: ಗಂಟಲಿನಲ್ಲಿ ಗಡ್ಡೆ, ದನಿಪೆಟ್ಟಿಗೆಯನ್ನೇ ತೆಗೆಯಬೇಕು. ಆಪರೇಷನ್ನಿಗೆ ಸರದಿ ಬರಲು ಸ್ವಲ್ಪ ಸಮಯವಿತ್ತು.

"ಬಾಕಿ ಸಬ್ ರಹೇಗಾ ನಾ, ಡಾಕ್ಟರ್ ಸಾಬ್?" ಉಳಿದದ್ದೆಲ್ಲ ಇರುತ್ತದಲ್ಲ ಎಂದು ಅಜ್ಜ ಕೇಳಿದ್ದರಂತೆ. ಡಾಕ್ಟರು ನಕ್ಕರಂತೆ. ಅಮ್ಮ ಮನೆಗೆ ಬಂದು ಅಕ್ಕಿ ತೊಳೆಯುತ್ತ ಅತ್ತಳು.

ಇನ್ನು ಸದಾಶಿವ ಮಾಷ್ಟ್ರ ವಿಷಯ. ನೆರೂಳದಲ್ಲಿ ನಮ್ಮ ಕನ್ನಡ ಸಂಘವಿತ್ತು. ಅವರು ಅದರ ಕಾರ್ಯದರ್ಶಿ, ನಿವೃತ್ತ ಶಿಕ್ಷಕ. ನನ್ನ ವಾರಿಗೆಯ ಹುಡುಗ ಹುಡುಗಿಯರು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಾಗ ನನಗೆ ಕನ್ನಡ ಓದಲು, ಬರೆಯಲು, ಅದರಲ್ಲೇ ಜಗಳವಾಡಲು ಕಲಿಸಿದವರು ಅವರು. ಈಗ ಅವರ ಮೇಲೆ ದೂರು ಬರೆಯುತ್ತಿರುವ ಈ ಕನ್ನಡವೂ ಅವರದ್ದೇ ದಾನ. ಅದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಅವರು ಒಳ್ಳೆಯ ತಾಳಮದ್ದಳೆ ಅರ್ಥಧಾರಿಯಾಗಿದ್ದರು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಪಂಚೆ ಉಟ್ಟು ಕುಳಿತವರು ಪುರಾಣದ ಪಾತ್ರಗಳಾಗಿ, 'ನಾನು' ಎಂದೇ ಶುರುಮಾಡಿ, ಆ ಪದ್ಯಕ್ಕೆ ತಮ್ಮದೇ ಮಾತಿನಲ್ಲಿ ಅರ್ಥ ಹೇಳುತ್ತ ವಾದಕ್ಕಿಳಿಯುತ್ತಾರೆ. ಎದುರಿನ ಪಾತ್ರಧಾರಿ ಯಾವ ವಾದ ಹೂಡುತ್ತಾನೆಂದು ಮೊದಲೇ ತಿಳಿದಿರುವುದಿಲ್ಲ. ಮಾಷ್ಟ್ರು ನಮ್ಮನ್ನು ಚರ್ಚೆಗೆ ಪಳಗಿಸಿದ್ದು ಇದೇ ಅಖಾಡದಲ್ಲಿ. "ಪಾತ್ರಕ್ಕೆ ವಕೀಲಿಕೆ ಮಾಡ್ಬೇಡ, ಪಾತ್ರವೇ ಆಗು," ಎನ್ನುತ್ತಿದ್ದರು. ನಾನು ಪಾತ್ರವಾಗುತ್ತಿರಲಿಲ್ಲ, ವಕೀಲಿಕೆಯನ್ನೇ ಮಾಡುತ್ತಿದ್ದೆ. ಹಾಗಾಗಿ ನನ್ನ ಹೆಸರು ಅವರ ಬಾಯಲ್ಲಿ ವಕೀಲೆ ಎಂದಾಗಿತ್ತು.

ಆ ವರ್ಷ ಸಂಘ ಒಂದು ಡಿಜಿಟಲ್ ರೆಕಾರ್ಡರ್ ಕೊಂಡಿತ್ತು. ಹಿರಿಯರ ಜೀವನಕಥೆಗಳನ್ನು ಅವರ ಬಾಯಿಂದಲೇ ದಾಖಲಿಸಿ ಸಿ.ಡಿ. ಮಾಡುವ ಯೋಜನೆ. ಹೆಸರು 'ಹಿರಿಯರ ದನಿ'.

"ನಿಮಗೆ ನಮ್ಮ ಕನ್ನಡ ಅರ್ಥ ಆಗ್ತದೆ. ನಿಮ್ಮ ಮಕ್ಕಳಿಗೆ ಅರ್ಥವೂ ಆಗ್ಲಿಕ್ಕಿಲ್ಲ," ಎಂದರು ಮಾಷ್ಟ್ರು. "ಅವರಿಗೆ ನಾವು ಬಿಟ್ಟು ಹೋಗುವುದು ಎಂಥದ್ದು? ಫ್ಲ್ಯಾಟಾ?"

"ಹಿರಿಯರು ಸುಳ್ಳು ಹೇಳಿದ್ರೆ?" ಎಂದೆ.

"ಅದಕ್ಕೇ ನಿನ್ನನ್ನು ಕಳಿಸುವುದು, ವಕೀಲೆ."

ಅಜ್ಜನ ಗಂಟಲಿನ ವಿಷಯ ತಿಳಿದ ದಿನ ಅವರು ಕಪಾಟಿನಿಂದ ರೆಕಾರ್ಡರ್ ತೆಗೆದು ನನ್ನ ಕೈಗಿಟ್ಟರು. "ಮೊದಲು ನಿನ್ನಜ್ಜ. ಉಳಿದವರೆಲ್ಲ ಆಮೇಲೆ." ಇದನ್ನೂ ದಾಖಲೆಯಲ್ಲಿ ಸೇರಿಸಬೇಕು. ಅವರು ಕೆಟ್ಟವರಾಗಿದ್ದರೆ ಈ ಬರಹ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಒಳಕೋಣೆಯಲ್ಲಿ ರೆಕಾರ್ಡಿಂಗ್. ಕೆಳಗಿನ ಬೀದಿಯ ಸದ್ದು ಬಾರದಿರಲೆಂದು ಕಿಟಕಿಗೆ ಹಾಸಿಗೆ ಒರಗಿಸಿದ್ದೆ. ಆದರೂ ಪಕ್ಕದ ಮನೆಯವರ ತಗಡಿನ ಮೇಲೆ ಮಳೆ ಬೀಳುವುದು, ಅಮ್ಮನ ಕುಕ್ಕರು, ರಿಕ್ಷಾ, ಎಲ್ಲವೂ ಒಳಗೆ ಬರುತ್ತಿದ್ದವು. ಮನೆಯಲ್ಲಿ ನಮ್ಮ ಮಾತು ತುಳು. ಅಜ್ಜ ಬನಿಯನ್ನಿನಲ್ಲಿ ಮಂಚದ ಮೇಲೆ ಕುಳಿತು, ಆ ಪುಟ್ಟ ಯಂತ್ರವನ್ನು ಅನುಮಾನದಿಂದ ನೋಡಿದರು.

"ಇದ್ರಲ್ಲಿ ಕನ್ನಡದಲ್ಲೇ ಮಾತಾಡ್ಬೇಕಾ?"

"ಹೌದಜ್ಜ. ಸಂಘದ್ದಲ್ವಾ."

"ಹಾಗಾದ್ರೆ ನಿಲ್ಲು. ಅಂಗಿ ಹಾಕ್ಕೊಂಡು ಬರ್ತೇನೆ."

ಅಂಗಿ ಹಾಕಿಕೊಂಡು ಬಂದ ಅಜ್ಜ ಅಜ್ಜನಾಗಿರಲಿಲ್ಲ. "ಸಮಸ್ತ ಕನ್ನಡ ಬಾಂಧವರಿಗೆ ನನ್ನ ವಂದನೆಗಳು" ಎಂದು ಶುರುಮಾಡಿದರು. ಮುಂಬಯಿಗೆ ಬಂದದ್ದು ದೇವರ ದಯೆ, ಮಾಲಿಕರು ತಂದೆ ಸಮಾನ, ಎಲ್ಲರೂ ಒಳ್ಳೆಯವರು. ನಾನು ಯಂತ್ರ ನಿಲ್ಲಿಸಿದೆ.

"ಅಜ್ಜ, ನೀವು ಎಲೆಕ್ಷನ್ನಿಗೆ ನಿಂತಿದ್ದೀರಾ?"

"ಮತ್ತೆ? ಮುಂದಿನ ಪೀಳಿಗೆ ಕೇಳುವುದಲ್ವಾ?"

"ಮುಂದಿನ ಪೀಳಿಗೆ ನಾನೇ. ನಿಮ್ಮ ಮಾಲಿಕರನ್ನು ಮನೆಯಲ್ಲಿ ಎಂಥ ಕರೀತಿದ್ರಿ, ಅದನ್ನು ಹೇಳಿ."

ಅವರು ಯೋಚಿಸಿದರು. ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು. ಬನಿಯನ್ನಿಗೆ ಮರಳಿದ ಮೇಲೆ ಬಂದದ್ದು ಅವರದ್ದೇ ಭಾಷೆ: ಕನ್ನಡದಲ್ಲಿ ಹೊರಟು, ತುಳುವಿನಲ್ಲಿ ತಿರುಗಿ, ಹೈವೇಗೆ ಬಂದರೆ ಹಿಂದಿ, ಮಾಲಿಕನಿಗೆ ಬೈಯಲು ಮರಾಠಿ. ಕೆಮ್ಮು ಬಂದಾಗ ನಿಲ್ಲಿಸಿ, ನೀರು ಕುಡಿದು, "ಎಲ್ಲಿಗೆ ಬಂದಿದ್ದೆ?" ಎಂದು ಕೇಳಿ ಮುಂದುವರಿಯುತ್ತಿದ್ದರು. ಸುಳ್ಳು ಹೇಳುತ್ತಾರೋ ಎಂದು ನಾನು ಪ್ರಶ್ನೆಗಳನ್ನು ಅಡ್ಡಡ್ಡ ಹಾಕುತ್ತಿದ್ದೆ; ಸಿಕ್ಕಿಬೀಳಲಿಲ್ಲ.

ಒಮ್ಮೆ ಹೈವೇಯಲ್ಲಿ ನೀರು ನಿಂತು ಬಸ್ಸಿನವರೆಲ್ಲ ಹೋಟೆಲಿನೊಳಗೆ ಸೇರಿಕೊಂಡ ಕಥೆಯನ್ನು ಅವರು ಹೇಳಿದ್ದು ಹೀಗೆ. "ಒಳಗೆ ರವೆ ಬಿಟ್ರೆ ಬೇರೇನಿಲ್ಲ. ಜನ ಟೇಬಲ್ ಮೇಲೆ ಕಾಲು ಮಡಚಿ ಕೂತಿದ್ದಾರೆ, ಹೆದರಿದ್ದಾರೆ. ನಾನು ಒಬ್ಬೊಬ್ರ ಹತ್ರ ಹೋಗಿ ಕೇಳ್ದೆ, ಕ್ಯಾ ಲೇಂಗೆ ಸಾಬ್? ಒಬ್ಬ ಮಸಾಲಾ ಅಂದ. ಒಬ್ಬಳು ಪೂರಿ ಅಂದ್ಲು. ಎಲ್ಲ ಕೂಗಿ ಹೇಳ್ದೆ. ಒಳಗಿಂದ ಭಟ್ರು ಎಲ್ಲರಿಗೂ ಉಪ್ಪಿಟ್ಟೇ ಕಳಿಸಿದ್ರು. ಪ್ಲೇಟ್ ಇಡುವಾಗ ನಾನು ಹೇಳ್ದೆ, ಯೇ ಆಪ್‌ಕಾ ಮಸಾಲಾ, ಯೇ ಆಪ್‌ಕಾ ಪೂರಿ. ಎರಡನೇ ರೌಂಡಿಗೆ ಅವ್ರೇ ಬೇರೆ ಬೇರೆ ಕೇಳ್ಲಿಕ್ಕೆ ಶುರು ಮಾಡಿದ್ರು. ಒಬ್ಬ ಮುದುಕ ಶ್ರೀಖಂಡ ಕೇಳ್ದ. ಅದೂ ಕೊಟ್ಟೆ."

"ನೀವ್ಯಾಕೆ ಸ್ವಂತ ಹೋಟೆಲ್ ಮಾಡ್ಲಿಲ್ಲ?" ಎಂದು ಕೇಳಿದೆ. ನಮ್ಮ ಕಡೆಯವರ ಜೀವನಕಥೆಗಳೆಲ್ಲ ಲೋಟ ತೊಳೆಯುವುದರಿಂದ ಹೊರಟು ಸ್ವಂತ ಹೋಟೆಲಿಗೆ ತಲುಪಿ ನಿಲ್ಲುತ್ತವೆ. ಅಜ್ಜನದು ಮಾತ್ರ ಟೇಬಲುಗಳ ನಡುವೆಯೇ ಉಳಿದಿತ್ತು.

"ಮಾಲಿಕನಿಗೆ ಎಂಥ ಉಂಟು ಮಾರಾಯ್ತಿ? ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಸೋಂಪು ಕೊಡುವುದು. ಅವನಿಗೆ ಕೂಗ್ಲಿಕ್ಕೆ ಉಂಟಾ?"

ಇಷ್ಟು ಒಳ್ಳೆಯ ಉತ್ತರವನ್ನು ನಾನು ಯಾವ ಚರ್ಚೆಯಲ್ಲೂ ಕೇಳಿಲ್ಲ.

ಆಸ್ಪತ್ರೆಗೆ ಸೇರುವ ಮೊದಲಿನ ಕೊನೆಯ ಭಾನುವಾರ ನಾನು ಬೇಡಿಕೊಂಡೆ. "ಅಜ್ಜ, ಒಂದ್ಸಲ ಕೂಗಿ."

ಗಂಟಲಿಗೆ ತ್ರಾಸ ಕೊಡಬಾರದೆಂದು ಡಾಕ್ಟರು ಹೇಳಿದ್ದರು. ಅಜ್ಜ ಅಡುಗೆಮನೆಯ ಕಡೆ ನೋಡಿದರು. "ನಿನ್ನಮ್ಮ ಬಯ್ತಾಳೆ." ಆಮೇಲೆ ಎದ್ದು ನಿಂತರು. ಕುಳಿತು ಕೂಗಲು ಬರುವುದಿಲ್ಲವಂತೆ. ಅಂಗೈ ಕೆನ್ನೆಯ ಪಕ್ಕಕ್ಕೆ ಹೋಯಿತು.

"ದೋ ಸಾದಾ, ಏಕ್ ಮೈಸೂರ್, ಏಕ್ ವಡಾ ಡುಬಾಕೇ..."

ಮೊದಲೆರಡು ಮಾತು ಒಡೆದ ಮಡಕೆಯ ಸದ್ದಿನಂತೆ ಬಂದವು. ಕೊನೆಯ 'ಡುಬಾಕೇ', ಸಾಂಬಾರಿನಲ್ಲಿ ಮುಳುಗಿಸಿ ಎನ್ನುವ ಆ ಮಾತು ಮಾತ್ರ, ಆ ಗೊಗ್ಗರಿನ ಅಡಿಯಿಂದ ಹಳೆಯ ದನಿ ಎದ್ದು ಬಂದು, ಹಾಸಿಗೆ ಒರಗಿಸಿದ ಕಿಟಕಿಯನ್ನೂ ದಾಟಿ ಹೋಯಿತು. ಆಮೇಲೆ ಕೆಳಗಿನ ಮಾಳಿಗೆಯಿಂದ ಕಾಕುವಿನ ದನಿ: "ಬಾಬಾ, ಮಾಝಾ ಡೋಸಾ ಕುಠೇ ಆಹೆ?" ನನ್ನ ದೋಸೆ ಎಲ್ಲಿ ಎಂದು. ಅಜ್ಜ ನಗುತ್ತ ಕೆಮ್ಮಿದರು, ಕೆಮ್ಮುತ್ತ ನಕ್ಕರು. ಅಮ್ಮ ಸೌಟು ಹಿಡಿದು ಬಂದು ಇಬ್ಬರಿಗೂ ಬೈದಳು. ಎಲ್ಲವೂ ರೆಕಾರ್ಡರಿನಲ್ಲಿ ಬಂದಿತ್ತು. ಆ ಮಳೆ, ಆ ಬೈಗುಳ, ಆ ದೋಸೆ.

ಸಂಘದ ನಿಯಮದಂತೆ ಎಲ್ಲವನ್ನೂ ಕೇಳಿ ಬರೆದು ಕೊಡಬೇಕಿತ್ತು. ಇಯರ್‌ಫೋನ್ ಹಾಕಿ, ತುಳು, ಹಿಂದಿ ಇದ್ದ ಕಡೆ ಹಾಗೆಯೇ ಇಟ್ಟು, ಕೆಮ್ಮಿದ ಕಡೆ ಕೆಮ್ಮು ಎಂದು ಬರೆದು ಮುಗಿಸಿದೆ. ಕೂಗನ್ನು ಬರೆಯಲು ಬರಲಿಲ್ಲ. 'ಇಲ್ಲಿ ಕೂಗುತ್ತಾರೆ, ಕೇಳಿ' ಎಂದಷ್ಟೇ ಬರೆದೆ. ನಮ್ಮ ಮನೆಯಲ್ಲಿ ಆಗ ಕಂಪ್ಯೂಟರಿರಲಿಲ್ಲ. ಬರೆದ ಹಾಳೆಗಳನ್ನೂ ರೆಕಾರ್ಡರನ್ನೂ ಮಾಷ್ಟ್ರಿಗೆ ಕೊಡುವಾಗ, ನಮಗೊಂದು ಕಾಪಿ ಬೇಕು ಎಂದೆ.

"ಸಂಘದ ಕಂಪ್ಯೂಟರಿಗೆ ಹಾಕಿ ಎಲ್ಲ ಮನೆಗೂ ಕೊಡುವವನೇ. ನಿನ್ನಜ್ಜನದು ಒಂದು ಅಕ್ಷರವೂ ಬಿದ್ದು ಹೋಗ್ಲಿಕ್ಕಿಲ್ಲ."

ಮಂತ್ರಿಯ ಭಾಷಣಕ್ಕೂ ಪುರೋಹಿತರ ಪಂಚಾಂಗಕ್ಕೂ ಪುರಾವೆ ಕೇಳುತ್ತಿದ್ದವಳು ನಾನು. ಪುರಾವೆ ಕೇಳಲು ಕಲಿಸಿದವರ ಬಳಿಯೇ ಪುರಾವೆ ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ಆಪರೇಷನ್ ಆಯಿತು. ಅಜ್ಜ ಬದುಕಿದರು. ಕುತ್ತಿಗೆಯಲ್ಲಿ ಉಸಿರಿಗೊಂದು ತೂತು, ಅದರ ಮೇಲೆ ಬಿಳಿ ಬಟ್ಟೆ. ಅಣ್ಣ ಮಾರ್ಕೆಟಿನಿಂದ ಮಕ್ಕಳ ಸ್ಲೇಟು ತಂದುಕೊಟ್ಟ. ಯಾರನ್ನಾದರೂ ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತಿದ್ದರು. ಇಡೀ ಹೈವೇಗೆ ಕೇಳಿಸುವಂತೆ ಕೂಗುತ್ತಿದ್ದ ಮನುಷ್ಯ ಒಂದು ಲೋಟ ನೀರಿಗೆ ಚಪ್ಪಾಳೆ ತಟ್ಟುವುದನ್ನು ಕೇಳಿ ನಾವು ಓಡಿ ಹೋಗುತ್ತಿದ್ದೆವು, ಎರಡನೇ ಸಲ ತಟ್ಟಬಾರದೆಂದು. ಕೆಲವು ವಾರಗಳ ನಂತರ ಸ್ಲೇಟಿನ ಮೇಲೆ ಬರೆದು ನನಗೆ ತೋರಿಸಿದರು: 'ನನ್ನ ದನಿ ಬಂತಾ?' ನಾನು ಮಾಷ್ಟ್ರಿಗೆ ಫೋನ್ ಮಾಡಿದೆ. "ಬಿಡುಗಡೆಯ ದಿನ ಎಲ್ಲ ಒಟ್ಟಿಗೆ ಕೇಳುವ. ಅವಸರ ಎಂಥದ್ದು?" ಎಂದರು. ಅಜ್ಜನಿಗೆ ಅದನ್ನೇ ಹೇಳಿದೆ. ತಲೆಯಾಡಿಸಿದರು. ದೀಪಾವಳಿವರೆಗೆ ಆ ಪ್ರಶ್ನೆಯನ್ನು ಎಷ್ಟೋ ಸಲ ಅಳಿಸಿ ಮತ್ತೆ ಬರೆದರು.

ದೀಪಾವಳಿ ಕಳೆದ ಮೇಲಿನ ಭಾನುವಾರ ನೆರೂಳದ ಸಭಾಗೃಹದಲ್ಲಿ ಬಿಡುಗಡೆ. ಸ್ಟೇಜಿನ ಮೇಲೆ ಹಿರಿಯರು ಸಾಲಾಗಿ ಕುಳಿತಿದ್ದರು, ಶಾಲು, ಫಲ. ಅಜ್ಜ ಅಂಗಿ ಹಾಕಿದ್ದರು, ಕಾಲರಿನ ಗುಂಡಿಯನ್ನೂ ಹಾಕಿ ತೂತಿನ ಬಟ್ಟೆಯನ್ನು ಮುಚ್ಚಿಕೊಂಡಿದ್ದರು. ದೀಪ ಆರಿಸಿ ಸಿ.ಡಿ. ಹಾಕಿದರು.

ಮೊದಲು ಬಂದದ್ದು ಮಾಷ್ಟ್ರ ದನಿ. ಕಂಚಿನ ಗಂಟೆಯಂಥ, ಸಭೆಗಳಿಗಾಗಿಯೇ ಹುಟ್ಟಿದ ದನಿ. ಪರಿಚಯ ಮಾಡಿಕೊಡುತ್ತಿದ್ದಾರೆ ಎಂದುಕೊಂಡೆ. "ನಾನು ಬಾಬು," ಎಂದಿತು ಆ ದನಿ.

ನಾನು ಕಾದೆ. ಈಗ ಮುಗಿಯುತ್ತದೆ, ಈಗ ಅಜ್ಜ ಬರುತ್ತಾರೆ. ಬರಲಿಲ್ಲ. "ರವೆಯ ಹೊರತು ಅನ್ಯ ಪದಾರ್ಥವೇ ಇರದ ಆ ದುರ್ದಿನದಂದು, ತಾವು ಏನನ್ನು ಸ್ವೀಕರಿಸುವಿರಿ ಮಹನೀಯರೇ, ಎಂದು ನಾನು ಪ್ರತಿಯೊಬ್ಬರನ್ನೂ ವಿಚಾರಿಸಿದೆನು." ಸಭೆ ಚಪ್ಪಾಳೆ ತಟ್ಟಿತು. ಶ್ರೀಖಂಡದ ಮುದುಕನೂ ಬಂದ, ವೃದ್ಧರಾಗಿ. ಆಮೇಲೆ ಮಾಷ್ಟ್ರ ದನಿ ನಿಂತಿತು, ಹಿಂದಿನಿಂದ ಕೊಳಲು ತೇಲಿಬಂತು. ಅದು ಕೂಗಿನ ಜಾಗ. ನಾನು ಬರೆದ ಹಾಳೆಯಲ್ಲಿ 'ಇಲ್ಲಿ ಕೂಗುತ್ತಾರೆ, ಕೇಳಿ' ಎಂದಿದ್ದ ಜಾಗ.

ಸ್ಟೇಜಿನ ಅರೆಗತ್ತಲಲ್ಲಿ ಅಜ್ಜನ ಕೈ ಎದ್ದಿತು. ಅಂಗೈ ಕೆನ್ನೆಯ ಪಕ್ಕಕ್ಕೆ ಹೋಗಿ ನಿಂತಿತು. ಕೊಳಲು ಮುಂದುವರಿಯಿತು. ಕೈ, ಕಿವಿ ತುರಿಸಿಕೊಳ್ಳಲು ಬಂದಿದ್ದೇನೆ ಎಂಬಂತೆ ಒಮ್ಮೆ ತುರಿಸಿ, ಮಡಿಲಿಗೆ ಇಳಿಯಿತು.

ಮುಂದಿನದು ಇನ್ನೊಬ್ಬ ಅಜ್ಜಿಯ ಕಥೆ, ಸಂಘದ ನಾಟಕಗಳಲ್ಲಿ ನಾಯಕಿಯಾಗುವವರ ದನಿಯಲ್ಲಿ. ಆ ಅಜ್ಜಿ ಸ್ಟೇಜಿನ ಮೇಲೆ ಕುಳಿತು, ಯಾರು ಮಾತಾಡುತ್ತಿರುವುದು ಎಂದು ಅಕ್ಕಪಕ್ಕ ನೋಡುತ್ತಿದ್ದರು.

ಕಾರ್ಯಕ್ರಮ ಮುಗಿದ ಮೇಲೆ ತಿಂಡಿಯ ಮೇಜಿನ ಬಳಿ ಮಾಷ್ಟ್ರನ್ನು ಹಿಡಿದೆ. ನನ್ನ ಕೈಗೆ ಯಾರೋ ಉಪ್ಪಿಟ್ಟಿನ ಪ್ಲೇಟು ಕೊಟ್ಟಿದ್ದರು.

"ಅದು ಅಜ್ಜನ ದನಿ ಅಲ್ಲ."

"ಅಲ್ಲ," ಎಂದರು ಶಾಂತವಾಗಿ. "ನಿಮ್ಮ ಮನೆಯಲ್ಲಿ ಕುಕ್ಕರ್ ಕೂಗ್ತದೆ, ರಿಕ್ಷಾ ಹೋಗ್ತದೆ. ಅವರು ಕೆಮ್ತಾರೆ. ನಾಲ್ಕು ಭಾಷೆ ಕಲಸಿ ಮಾತಾಡ್ತಾರೆ. ಐವತ್ತು ವರ್ಷ ಬಿಟ್ಟು ಕೇಳುವವನಿಗೆ ಅದೆಲ್ಲ ಎಂಥಕ್ಕೆ?"

"ಐವತ್ತು ವರ್ಷ ಬಿಟ್ಟು ಕೇಳುವವನಿಗೆ ನಿಮ್ಮ ದನಿ ಎಂಥಕ್ಕೆ?"

ಅವರು ನಕ್ಕರು, ಒಳ್ಳೆಯ ಪ್ರಶ್ನೆಗೆ ಅಂಕ ಕೊಡುವಾಗಿನ ನಗು. "ಭಾಗವತರ ಪದ್ಯವನ್ನು ಅರ್ಥಧಾರಿ ಮತ್ತೆ ಹಾಡ್ತಾನಾ? ಅರ್ಥ ಹೇಳ್ತಾನೆ. ಪಾತ್ರ ಯಾರದ್ದೋ, ಬಾಯಿ ಯಾರದ್ದೋ. ಇಷ್ಟು ವರ್ಷ ನೀನು ಕಲಿತದ್ದು ಇದನ್ನೇ ಅಲ್ವಾ? ನಿನ್ನಜ್ಜನ ಒಂದು ಅಕ್ಷರ ನಾನು ಬಿಟ್ಟಿಲ್ಲ, ಎಲ್ಲದಕ್ಕೂ ಅರ್ಥ ಹೇಳಿದ್ದೇನೆ."

"ಕೂಗಿದ್ದನ್ನು ಬಿಟ್ಟಿದ್ದೀರಿ."

ಮೊದಲ ಬಾರಿಗೆ ಅವರು ತಡವರಿಸಿದರು. "ಅದನ್ನು ನಾನು ಹೇಗೆ ಕೂಗುವುದು ಮಗಾ? ಬರ್ಲಿಕ್ಕೆ ಬೇಕಲ್ಲ. ನವರಾತ್ರಿಗೆ ಸ್ಟುಡಿಯೋದಲ್ಲಿ ನಾಲ್ಕು ಸಲ ನೋಡಿದೆ. ನನಗೇ ನಾಚಿಕೆಯಾಯ್ತು. ಹಾಗಾಗಿ ಕೊಳಲು."

"ಆಯ್ತು. ಅಜ್ಜನದ್ದು ನನಗೆ ಕೊಡಿ. ರೆಕಾರ್ಡ್ ಮಾಡಿದ್ದು."

ಮಾಷ್ಟ್ರು ನನ್ನ ಪ್ಲೇಟನ್ನು ನೋಡಿದರು. "ಶ್ರಾವಣದಲ್ಲಿ ನಮ್ಮ ತಾಳಮದ್ದಳೆ ಇತ್ತಲ್ಲ. ಊರಿಂದ ಭಾಗವತರು ಬಂದಿದ್ರು, ಅದು ಪುನಃ ಸಿಕ್ಲಿಕ್ಕಿಲ್ಲ. ರೆಕಾರ್ಡರಿನಲ್ಲಿ ಜಾಗ ಇರ್ಲಿಲ್ಲ."

"ಅಳಿಸಿದ್ರಾ?"

"ನೀನು ಎಲ್ಲ ಬರೆದಿದ್ದೀ ಅಲ್ವಾ. ಬರೆದದ್ದು ಉಂಟಲ್ಲ."

"ಕಂಪ್ಯೂಟರಿಗೆ ಹಾಕ್ತೇನೆ ಅಂದಿದ್ರಿ."

"ಹಾಕ್ಬೇಕಂತ ಇತ್ತು."

ಎದುರಾಳಿ ಕಾರಣ ಕೊಟ್ಟಾಗ, ಆ ಕಾರಣ ಕೆಲಸಕ್ಕಿಂತ ಮೊದಲು ಹುಟ್ಟಿದ್ದೋ ಆಮೇಲೆ ಹುಟ್ಟಿದ್ದೋ ನೋಡು ಎಂದು ಇವರೇ ಹೇಳಿಕೊಟ್ಟಿದ್ದರು. ನಾನು ನೋಡಿದೆ. ಅಳಿಸಿದ್ದು ಶ್ರಾವಣದಲ್ಲಿ. ಸ್ಟುಡಿಯೋಗೆ ಹೋದದ್ದು ನವರಾತ್ರಿಯ ಹೊತ್ತಿಗೆ. ಕುಕ್ಕರು, ಕೆಮ್ಮು, ನಾಲ್ಕು ಭಾಷೆ, ಐವತ್ತು ವರ್ಷದಾಚೆಯ ಕೇಳುಗ, ಅರ್ಥಧಾರಿಯ ಧರ್ಮ, ಎಲ್ಲವೂ ಆಮೇಲೆ ಹುಟ್ಟಿದ ಮಕ್ಕಳು. ಮೊದಲು ಇದ್ದದ್ದು ಇಷ್ಟೇ: ತಮ್ಮ ಒಂದು ತಾಳಮದ್ದಳೆಗೆ ಜಾಗ ಬೇಕಿತ್ತು.

ಅದನ್ನು ಅವರಿಗೆ ಹೇಳಿದೆ. "ಉಪ್ಪಿಟ್ಟು ತಣಿಯುತ್ತದೆ, ತಿನ್ನು," ಎಂದು ಶಾಲು ಸರಿಮಾಡಿಕೊಂಡು ಅತಿಥಿಗಳ ಕಡೆ ಹೋದರು. ನನ್ನ ಬದುಕಿನಲ್ಲಿ ನಾನು ಪೂರ್ತಿಯಾಗಿ ಗೆದ್ದ ವಾದ ಅದೊಂದೇ. ಕೈಯಲ್ಲಿ ಉಳಿದದ್ದು ಉಪ್ಪಿಟ್ಟು.

ಮನೆಗೆ ಬಂದು ಅಜ್ಜನಿಗೆ ಎಲ್ಲವನ್ನೂ ಹೇಳಿದೆ. ಅವರು ಸಿಟ್ಟಾಗಲಿ ಎಂದು ಬಯಸಿದ್ದೆ. ಅವರ ಪರವಾಗಿ ಹೋರಾಡಲು ಅವರ ಸಿಟ್ಟು ನನಗೆ ಬೇಕಿತ್ತು. ಅವರು ಪೂರ್ತಿ ಕೇಳಿದರು. ಸ್ಲೇಟು ತೆಗೆದು, ಬಟ್ಟೆಯಿಂದ ಒರೆಸಿ, ಸಿ.ಡಿ.ಯ ಕಡೆ ಕೈ ತೋರಿಸಿ ಬರೆದರು: 'ಇದ್ರಲ್ಲಿ ಕೆಮ್ಮು ಇಲ್ಲ.'

"ಅಜ್ಜ, ಇದ್ರಲ್ಲಿ ನೀವೂ ಇಲ್ಲ," ಎಂದೆ. ಸ್ಲೇಟನ್ನು ಮಂಚದ ಕೆಳಗೆ ತಳ್ಳಿದರು. ಅಮ್ಮ ಅಡುಗೆಮನೆಯಿಂದ, "ಸಾಕು ಬಿಡು, ಅವರಿಗೆ ಬೇಜಾರಿಲ್ಲದ್ದು ನಿನಗೆಂಥದ್ದು?" ಎಂದಳು.

ಆಮೇಲೆ ಮನೆಗೆ ಯಾರು ಬಂದರೂ ಅಜ್ಜ ಸಿ.ಡಿ. ಹಾಕಿಸುತ್ತಿದ್ದರು. ಹಳೆಯ ಹೋಟೆಲಿನವರು, ಊರಿನ ನೆಂಟರು, ಎಲ್ಲರೂ ಆ ಕಂಚಿನ ಗಂಟೆಯನ್ನು ಕೇಳಿ, "ಬಾಬಣ್ಣ, ಲಾಯಕಾಗಿದೆ," ಎನ್ನುತ್ತಿದ್ದರು. ಅಜ್ಜ ತಾವೇ ಮಾತಾಡಿದಂತೆ ತಲೆ ಬಾಗಿಸುತ್ತಿದ್ದರು. ನನ್ನ ಪರ ಸಾಕ್ಷಿ ಹೇಳಬೇಕಾದವರು ಎದುರು ಪಕ್ಷಕ್ಕೆ ಹೋಗಿ ಕುಳಿತಿದ್ದರು. ಮಾಷ್ಟ್ರ ಮೇಲಿನ ಸಿಟ್ಟಿಗೆ ಒಂದು ಆಕಾರವಿತ್ತು. ಅಜ್ಜನ ಮೇಲೆ ಹುಟ್ಟಿದ್ದನ್ನು ಏನೆಂದು ಕರೆಯಬೇಕೋ ಗೊತ್ತಾಗಲಿಲ್ಲ. ನಾನು ಹಾಸಿಗೆ ಒರಗಿಸಿ, ಮರುಪ್ರಶ್ನೆ ಹಾಕಿ, ಅಂಗಿ ಬಿಚ್ಚಿಸಿ ಹೊರತಂದ ಮನುಷ್ಯ ಮತ್ತೆ ಅಂಗಿ ಹಾಕಿಕೊಂಡುಬಿಟ್ಟಿದ್ದರು.

ಒಂದು ಸಂಗತಿ ಮಾತ್ರ ಇದೆ. ಪ್ರತಿ ಸಲವೂ, ಕೊಳಲು ಬರುವ ಜಾಗದಲ್ಲಿ, ಅವರ ಕೈ ಕೆನ್ನೆಯ ಕಡೆಗೆ ಏಳುತ್ತಿತ್ತು. ಸಾಕ್ಷಿಯಾಗಿ ಅದು ದುರ್ಬಲ. ತುರಿಕೆಯೂ ಇರಬಹುದು.

ಆ ವರ್ಷದ ಅಂತರಕಾಲೇಜು ಸ್ಪರ್ಧೆಯಲ್ಲಿ ನಾನು ಗೆದ್ದೆ. ಟ್ರೋಫಿ ತೋರಿಸಲು ಮಾಷ್ಟ್ರ ಮನೆಗೆ ಹೋಗಲಿಲ್ಲ.

ಎರಡು ವರ್ಷದ ಮೇಲೆ ಅಜ್ಜ ತೀರಿಕೊಂಡರು. ಬೊಜ್ಜದ, ಅಂದರೆ ಉತ್ತರಕ್ರಿಯೆಯ ದಿನ ಮಾಷ್ಟ್ರು ಬಂದು, ಫೋಟೋಗೆ ಹೂ ಹಾಕಿ, ಎಲ್ಲರ ಒತ್ತಾಯಕ್ಕೆ ಸಿ.ಡಿ. ಹಾಕಿಸಿದರು. ನಾನು ಮೆಟ್ಟಿಲಿಗೆ ಬಂದು ನಿಂತೆ. ಕೆಳಗಿನ ಕಾಕು ಅಲ್ಲಿ ನಿಂತಿದ್ದರು, ಕೈಯಲ್ಲಿ ನಮಗೆಂದು ತಂದ ಬಾಳೆಹಣ್ಣು. ಒಳಗಿನಿಂದ "ನಾನು ಬಾಬು" ಎಂದು ಬಂತು. ಕಾಕುವಿಗೆ ಕನ್ನಡದ ಒಂದು ಪದವೂ ಬರುವುದಿಲ್ಲ. ಸ್ವಲ್ಪ ಹೊತ್ತು ಕಿವಿಗೊಟ್ಟು ನನ್ನ ಕಡೆ ತಿರುಗಿದರು.

"ಹಾ ಕೋಣಾಚಾ ಆವಾಜ್?"

ಇದು ಯಾರ ದನಿ? ಒಂದು ಸಂಘ, ಒಂದು ಸಭಾಗೃಹ, ಇಷ್ಟು ನೆಂಟರು. ಈ ಪ್ರಶ್ನೆ ಕೇಳಿದವರು ಅವರೊಬ್ಬರೇ.

ಈಗ ಅಣ್ಣ ಕಲ್ಯಾಣದಲ್ಲಿದ್ದಾನೆ. ಅವನ ಮಗಳು ಇರಾ ಶಾಲೆಗೆ ರಜೆಯಿದ್ದಾಗ ನಮ್ಮಲ್ಲಿಗೆ ಬರುತ್ತಾಳೆ. ಮಾಜಿವಾಡಾದ ಹೋಟೆಲಿನಿಂದ ಆ ದಿನ ನಾನು ಮನೆ ಮುಟ್ಟಿದಾಗ ಅವಳು ಒಳಕೋಣೆಯ ಮಂಚದ ಮೇಲೆ ಕಾಲಾಡಿಸುತ್ತ ಕುಳಿತಿದ್ದಳು. ಅಣ್ಣ ಸಿ.ಡಿ.ಯನ್ನು ಮೊಬೈಲಿಗೆ ಹಾಕಿಕೊಟ್ಟಿದ್ದ. ಕೋಣೆಯಲ್ಲಿ ಕೊಳಲು ಕೇಳುತ್ತಿತ್ತು.

"ಅತ್ತೆ, ಪಿಜ್ಜ ಕಾ ಆವಾಜ್ ಕಿತ್ನಾ ಸಾಲಿಡ್ ಥಾ ನಾ?" ಎಂದಳು. ಪಿಜ್ಜನ ದನಿ ಎಷ್ಟು ಗಟ್ಟಿ ಇತ್ತಲ್ಲ ಎಂದು. ಮುತ್ತಜ್ಜನಿಗೆ ತುಳುವಿನಲ್ಲಿ ಪಿಜ್ಜ ಎನ್ನುತ್ತೇವೆ. ಅವಳ ವಾಕ್ಯದಲ್ಲಿ ನಮ್ಮದೆಂದು ಉಳಿದದ್ದು ಅದು ಮತ್ತು ಅತ್ತೆ, ಎರಡೇ ಪದ. ಐವತ್ತು ವರ್ಷದಾಚೆಯ ಕೇಳುಗ ಇಷ್ಟು ಬೇಗ ಬಂದು ಕುಳಿತಿದ್ದ.

"ಅದು ಪಿಜ್ಜ ಅಲ್ಲ ಇರಾ. ಬೇರೆಯವರು."

ಅವಳಿಗೆ ಅದು ತಮಾಷೆಯೆನಿಸಿತು. ನಂಬಲಿಲ್ಲ; ನಂಬದಿರುವುದು ಬಹುಶಃ ನನ್ನಿಂದಲೇ ಬಂದದ್ದು. "ಫಿರ್ ಪಿಜ್ಜ ಕೈಸೆ ಬೋಲ್ತೆ ಥೆ?"

ಹಾಗಾದರೆ ಪಿಜ್ಜ ಹೇಗೆ ಮಾತಾಡುತ್ತಿದ್ದರು? ನ್ಯಾಯವಾದ ಪ್ರಶ್ನೆ. ಉತ್ತರ ಕೊಡಲು ಬಾಯಿ ತೆರೆದೆ. ಹಾಸಿಗೆ ಒರಗಿಸಿದ ಕಿಟಕಿ ನೆನಪಾಯಿತು, ತಗಡಿನ ಮೇಲಿನ ಮಳೆ, ಗುಂಡಿ ಬಿಚ್ಚುವ ಬೆರಳು. ಉಪ್ಪಿಟ್ಟಿನ ಕಥೆ ಪದಕ್ಕೆ ಪದ ನೆನಪಾಯಿತು. ಆದರೆ ತಲೆಯೊಳಗೆ ಅದನ್ನು ಹೇಳುತ್ತಿದ್ದ ದನಿ ಮಾಷ್ಟ್ರದಾಗಿತ್ತು. ಯಾವಾಗ ಅದು ಅಲ್ಲಿಗೂ ಬಂದು ಕುಳಿತಿತೋ ನಾನು ನೋಡಿರಲಿಲ್ಲ. ಎಷ್ಟು ಹುಡುಕಿದರೂ ಅದರ ಅಡಿಯಲ್ಲಿ ಇನ್ನೊಂದು ಸಿಗಲಿಲ್ಲ.

ಇರಾ ಕಾಯುತ್ತಿದ್ದಳು. ನಾನು ಎದ್ದು ನಿಂತೆ. ಅಂಗೈಯನ್ನು ಕೆನ್ನೆಯ ಪಕ್ಕಕ್ಕೆ ಹಿಡಿದೆ.

"ದೋ ಸಾದಾ, ಏಕ್ ಮೈಸೂರ್, ಏಕ್ ವಡಾ ಡುಬಾಕೇ..."

ಚರ್ಚಾಸ್ಪರ್ಧೆಯ ದನಿ. ಸ್ಪಷ್ಟ, ಶುದ್ಧ, ಕೆಮ್ಮಿಲ್ಲದ್ದು. ಇರಾ ಹೊಟ್ಟೆ ಹಿಡಿದು ನಕ್ಕಳು. ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು, ಏನೂ ಬೈಯಲಿಲ್ಲ. ಕಾಕು ಮಗಳ ಮನೆಗೆಂದು ಪುಣೆಗೆ ಹೋಗಿ ವರ್ಷವಾಗಿತ್ತು. ಆದರೂ ನಾನು ಕಿಟಕಿಯ ಕಡೆ ಕಿವಿಕೊಟ್ಟು ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದೆ. ಕೆಳಗಿನಿಂದ ಯಾರೂ ತಮ್ಮ ದೋಸೆ ಎಲ್ಲಿ ಎಂದು ಕೇಳಲಿಲ್ಲ.